ಪ್ರಯೋಗಶಾಲೆಯ ಇಲಿಯ ‘ಸಹಜಮಾನ’ಗಳು: ಒಂದು ವಿಮರ್ಶೆ

ಶರೀರಕ್ರಿಯಾಶಾಸ್ತ್ರ, ಔಷಧಶಾಸ್ತ್ರ, ಆಹಾರವಿಜ್ಞಾನ ಇವುಗಳಲ್ಲಿ ಯಾವ ಶಾಸ್ತ್ರದ ಸಂಶೋಧನ ಪ್ರಬಂಧವನ್ನು ತೆರೆದರೂ ಒಂದು ವಾಕ್ಯ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುತ್ತದೆ: ‘ಇಲಿಗಳ ರಕ್ತದ ಮಾನಗಳು ಸಹಜಮಿತಿಯೊಳಗೆ ಇದ್ದುವು.’ ವಾಕ್ಯ ಚಿಕ್ಕದು. ಓದುವವರು ಅದನ್ನು ಪ್ರಶ್ನಿಸದೆ ಮುಂದಕ್ಕೆ ಹೋಗುತ್ತಾರೆ. ಆದರೆ ಪ್ರಬಂಧದ ತೀರ್ಮಾನ ಅನೇಕ ವೇಳೆ ಈ ಒಂದು ವಾಕ್ಯದ ಮೇಲೆಯೇ ನಿಂತಿರುತ್ತದೆ. ಕೊಟ್ಟ ಔಷಧದಿಂದ ಹಾನಿಯಾಯಿತೆ, ಇಲ್ಲವೆ? ತಿನ್ನಿಸಿದ ಹೊಸ ಆಹಾರ ರಕ್ತವನ್ನು ವೃದ್ಧಿಗೊಳಿಸಿತೆ, ಕ್ಷೀಣಗೊಳಿಸಿತೆ? ಇದನ್ನೆಲ್ಲ ಸಹಜವೆಂಬ ಅಳತೆಗೋಲನ್ನು ಹಿಡಿದು ನಾವು ನಿರ್ಣಯಿಸುತ್ತೇವೆ. ಹೀಗಿರಲು, ಆ ಅಳತೆಗೋಲನ್ನು ಮಾಡಿದವರು ಯಾರು, ಯಾವ ಇಲಿಗಳನ್ನು ಅಳೆದು ಅದನ್ನು ಮಾಡಿದರು, ನಮ್ಮ ಪಂಜರದಲ್ಲಿರುವ ಇಲಿಗೆ ಅದು ಒಪ್ಪುತ್ತದೆಯೆ ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅವಶ್ಯವಾದ ಕೆಲಸ. ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡಬೇಕೆಂಬುದೇ ಈ ಲೇಖನದ ಉದ್ದೇಶ.

ಇಂಥ ಕೋಷ್ಟಕಗಳ ವಿಚಾರವನ್ನು ಎತ್ತಿಕೊಂಡವರು ಹೆನ್ರಿ ಹರ್ಬರ್ಟ್ ಡೊನಾಲ್ಡ್‌ಸನ್ನರಿಂದ ಮೊದಲುಮಾಡಬೇಕು. ನರಮಂಡಲದ ಅಭ್ಯಾಸದಲ್ಲಿ ನಿಷ್ಣಾತರಾಗಿದ್ದ ಅವರು ೧೯೦೬ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಿಂದ ಫಿಲಡೆಲ್ಫಿಯದ ವಿಸ್ಟಾರ್ ಸಂಸ್ಥೆಗೆ ಬಂದರು. ಬರುವಾಗ ತಮ್ಮ ಬಿಳಿಯ ಇಲಿಗಳನ್ನೂ ತಂದರು. ಹುಟ್ಟಿನಿಂದ ಮುಪ್ಪಿನವರೆಗೆ ಮಿದುಳು ಹೇಗೆ ಬೆಳೆಯುತ್ತದೆ ಎಂಬುದು ಅವರ ಮುಖ್ಯ ಪ್ರಶ್ನೆ. ಮನುಷ್ಯನ ಜೀವಮಾನವನ್ನೆಲ್ಲ ಕಾದು ನೋಡಲು ಒಬ್ಬ ವಿದ್ವಾಂಸನ ಆಯುಸ್ಸು ಸಾಲದು. ಇಲಿಯಾದರೋ ಮೂರು ವರ್ಷಗಳಲ್ಲಿ ಮುಪ್ಪನ್ನು ಮುಟ್ಟುತ್ತದೆ. ಇಲಿಯ ಬದುಕು ಮನುಷ್ಯನ ಬದುಕಿಗಿಂತ ಮೂವತ್ತು ಪಾಲು ವೇಗವಾಗಿ ಸಾಗುತ್ತದೆಂದು ಡೊನಾಲ್ಡ್‌ಸನ್ನರು ಲೆಕ್ಕಹಾಕಿದರು. ಆದರೆ ರೋಗದಿಂದಲೋ ಉಪವಾಸದಿಂದಲೋ ಮಿದುಳು ಕುಗ್ಗಿತೆಂದು ಹೇಳಬೇಕಾದರೆ, ಅದು ಕುಗ್ಗದಿದ್ದರೆ ಎಷ್ಟು ತೂಗುತ್ತಿತ್ತೆಂಬುದು ಮೊದಲು ಗೊತ್ತಾಗಬೇಕು. ಈ ಅಗತ್ಯದಿಂದ ಹುಟ್ಟಿದುದು ೧೯೧೫ರಲ್ಲಿ ವಿಸ್ಟಾರ್ ಸಂಸ್ಥೆಯ ಪ್ರಕಟಣಮಾಲೆಯಲ್ಲಿ ಹೊರಬಂದ ಇಲಿಯ ಕೋಷ್ಟಕಗ್ರಂಥ. ೧೯೨೪ರಲ್ಲಿ ಅದರ ವಿಸ್ತೃತವಾದ ಎರಡನೆಯ ಆವೃತ್ತಿ ಬಂತು.

ಈ ಗ್ರಂಥದ ಗುಣವನ್ನು ನಾವು ಮೊದಲು ಒಪ್ಪಿಕೊಳ್ಳಬೇಕು. ಅವಯವಗಳ ತೂಕಕ್ಕೆ ಒಂದೊಂದು ಸರಾಸರಿಯನ್ನು ಬರೆದು ಡೊನಾಲ್ಡ್‌ಸನ್ನರು ಕೈತೊಳೆದುಕೊಳ್ಳಲಿಲ್ಲ. ದೇಹದ ಉದ್ದವನ್ನು ಮಿಲಿಮೀಟರುಗಳಲ್ಲಿ ಅನುಕ್ರಮವಾಗಿ ಕೊಟ್ಟು, ಆಯಾ ಉದ್ದದ ಇಲಿಯಲ್ಲಿ ಮಿದುಳು, ಹೃದಯ, ಯಕೃತ್ತು, ಮೂತ್ರಪಿಂಡ ಎಷ್ಟೆಷ್ಟು ತೂಗುತ್ತವೆ ಎಂಬುದನ್ನು ತೋರಿಸಿದರು. ಸಾಕಿದ ಬಿಳಿಯ ಇಲಿಯನ್ನೂ ಅದರ ಮೂಲವಾದ ಕಾಡು ಇಲಿಯನ್ನೂ ಬೇರೆಬೇರೆ ಇಟ್ಟರು. ಎಂದರೆ, ಸಹಜ ಎಂಬುದು ಒಂದು ಚುಕ್ಕೆಯಲ್ಲ, ಬೆಳವಣಿಗೆಯ ಉದ್ದಕ್ಕೂ ಸಾಗುವ ಒಂದು ಗೆರೆ ಎಂಬ ಅರಿವು ಈ ಗ್ರಂಥದಲ್ಲಿದೆ. ಇದು ಸಾಮಾನ್ಯವಾದ ಅರಿವಲ್ಲ. ಮುಂದೆ ಬಂದ ಅನೇಕ ಕೈಪಿಡಿಗಳಲ್ಲಿ ಇದು ಮರೆಯಾಗಿ, ‘ಇಲಿ: ಹೀಮೋಗ್ಲೋಬಿನ್ ಇಷ್ಟು, ಬಿಳಿಯ ರಕ್ತಕಣ ಇಷ್ಟು’ ಎಂಬ ಬರಿಯ ಅಂಕೆ ಉಳಿದುಕೊಂಡಿತು.

ಗುಣದ ಜೊತೆಗೆ ದೋಷವೂ ಉಂಟು. ವಿಸ್ಟಾರ್ ಸಂಸ್ಥೆಯ ಇಡೀ ಯೋಜನೆಯ ಹಿಂದೆ ಒಂದು ನಂಬಿಕೆ ಇತ್ತು: ರಸಾಯನಶಾಸ್ತ್ರಜ್ಞನಿಗೆ ಶುದ್ಧವಾದ ಲವಣ ಹೇಗೋ ಜೀವಶಾಸ್ತ್ರಜ್ಞನಿಗೆ ಪ್ರಮಾಣೀಕೃತವಾದ ಇಲಿ ಹಾಗೆ. ಅಲ್ಲಿಯೇ ಹೆಲೆನ್ ಡೀನ್ ಕಿಂಗ್ ಅವರು ೧೯೦೯ರಿಂದ ಮೊದಲುಗೊಂಡು ಒಡಹುಟ್ಟಿದ ಇಲಿಗಳನ್ನೇ ತಲೆಮಾರು ತಲೆಮಾರಾಗಿ ಕೂಡಿಸಿ ಏಕರೂಪದ ಸಂತತಿಯನ್ನು ಪಡೆಯಲು ಶ್ರಮಿಸಿದರು. ಈ ಪ್ರಯತ್ನದ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಲವಣವನ್ನು ಸೀಸೆಯಲ್ಲಿಟ್ಟು ಮುಚ್ಚಿದರೆ ಅದು ಇದ್ದಂತೆಯೇ ಇರುತ್ತದೆ, ಇಲಿ ಹಾಗಿರುವುದಿಲ್ಲ. ಅದು ತಿನ್ನುತ್ತದೆ, ಹೆದರುತ್ತದೆ, ರೋಗಾಣುಗಳನ್ನು ಹೊತ್ತಿರುತ್ತದೆ, ಹಗಲು ನಿದ್ರಿಸಿ ರಾತ್ರಿ ಓಡಾಡುತ್ತದೆ. ಇದಕ್ಕೆ ಉದಾಹರಣೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಆರೋಗ್ಯದ ಪ್ರಶ್ನೆ. ೧೯೨೦ರ ದಶಕದಲ್ಲಿ ಗುಲ್ಮದ ಕಾರ್ಯವನ್ನು ತಿಳಿಯಲು ಇಲಿಗಳ ಗುಲ್ಮವನ್ನು ಶಸ್ತ್ರಕ್ರಿಯೆಯಿಂದ ತೆಗೆದ ಸಂಶೋಧಕರಿಗೆ ಒಂದು ಆಶ್ಚರ್ಯ ಕಾದಿತ್ತು. ಶಸ್ತ್ರಕ್ರಿಯೆಯಾದ ಕೆಲವೇ ದಿನಗಳಲ್ಲಿ ಇಲಿಗಳಿಗೆ ಕಠಿಣವಾದ ರಕ್ತಹೀನತೆ ಬಂದು ಅನೇಕವು ಸತ್ತುವು. ಗುಲ್ಮವಿಲ್ಲದಿದ್ದರೆ ರಕ್ತ ಉಳಿಯದೆಂದು ತೀರ್ಮಾನಿಸಲು ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕೆ ಎನ್ನಿಸುವಂತಿತ್ತು. ಆದರೆ ನಿಜವಾದ ಕಾರಣ ಬೇರೆ. ಇಲಿಗಳ ಕೆಂಪು ರಕ್ತಕಣಗಳಿಗೆ ಅಂಟಿಕೊಂಡು ಬದುಕುವ ಒಂದು ಸೂಕ್ಷ್ಮಜೀವಿ ಇದೆ; ೧೯೨೧ರಲ್ಲಿ ಮಾರ್ಟಿನ್ ಮೇಯರ್ ಅದಕ್ಕೆ ಬಾರ್ಟೊನೆಲ್ಲ ಮ್ಯೂರಿಸ್ ಎಂದು ಹೆಸರಿಟ್ಟಿದ್ದರು. ಈಗ ಅದನ್ನು ಮೈಕೊಪ್ಲಾಸ್ಮಗಳ ಗುಂಪಿಗೆ ಸೇರಿಸಿದ್ದಾರೆ. ಇಲಿಯ ಹೇನಿನ ಮೂಲಕ ಅದು ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಗುಲ್ಮ ಇರುವವರೆಗೆ ಅದು ಅಡಗಿರುತ್ತದೆ. ಇಲಿ ನೋಡಲು ಸ್ವಸ್ಥ, ತೂಕ ಸರಿ, ರೋಮ ನುಣುಪು. ಗುಲ್ಮ ಹೋದೊಡನೆ ಅದು ತಲೆಯೆತ್ತಿ ರಕ್ತಕಣಗಳನ್ನು ಹಾಳುಮಾಡುತ್ತದೆ. ಹೇನಿಲ್ಲದ, ಸೋಂಕಿಲ್ಲದ ಇಲಿಗಳಲ್ಲಿ ಗುಲ್ಮವನ್ನು ತೆಗೆದರೆ ಇಂಥ ರಕ್ತಹೀನತೆ ಬರುವುದಿಲ್ಲ.

ಈ ವೃತ್ತಾಂತದ ಅರ್ಥವನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ‘ಸಹಜ’ವೆಂದು ಪರಿಗಣಿತವಾಗಿದ್ದ ಇಲಿಗಳೇ ಸೋಂಕನ್ನು ಹೊತ್ತಿದ್ದುವು. ಅವುಗಳ ರಕ್ತವನ್ನು ಅಳೆದು ಮಾಡಿದ ಕೋಷ್ಟಕ ಆ ಗೃಹದ, ಆ ಕಾಲದ ಇಲಿಗಳನ್ನು ಪ್ರಾಮಾಣಿಕವಾಗಿಯೇ ವರ್ಣಿಸಿರಬಹುದು. ಆದರೆ ಅದು ಸ್ವಾಸ್ಥ್ಯದ ಲಕ್ಷಣವಾಗಲಾರದು. ಶ್ವಾಸಕೋಶದ ರೋಗಗಳ ವಿಷಯವೂ ಹೀಗೆಯೇ. ಹಿಂದಿನ ಇಲಿಗೃಹಗಳಲ್ಲಿ ಮುದಿಯಾದ ಇಲಿಗಳಿಗೆ ಶ್ವಾಸಕೋಶದ ಸೋಂಕು ಎಷ್ಟು ಸಾಮಾನ್ಯವಾಗಿತ್ತೆಂದರೆ ಅದನ್ನು ಮುಪ್ಪಿನ ಒಂದು ಅಂಗವೆಂದೇ ಭಾವಿಸಲು ಎಡೆಯಿತ್ತು. ಗೊತ್ತಾದ ರೋಗಾಣುಗಳಿಲ್ಲದ ಇಲಿಗಳನ್ನು, ತಾಯಿಯ ಗರ್ಭದಿಂದ ಶಸ್ತ್ರಕ್ರಿಯೆಯಿಂದ ತೆಗೆದು ಶುದ್ಧವಾದ ಆವರಣದಲ್ಲಿ ಬೆಳೆಸುವ ಪದ್ಧತಿ ಬಳಕೆಗೆ ಬಂದ ಮೇಲೆಯೇ ಮುಪ್ಪನ್ನೂ ರೋಗವನ್ನೂ ಬೇರ್ಪಡಿಸಿ ನೋಡುವುದು ಸಾಧ್ಯವಾಯಿತು.

ಎರಡನೆಯದು ಆಹಾರ. ಡೊನಾಲ್ಡ್‌ಸನ್ನರ ಬೆಳವಣಿಗೆಯ ಗೆರೆ ೧೯೦೬ರಲ್ಲಿ ಪ್ರಕಟವಾದ ಅಳತೆಗಳಿಂದ ಮೊದಲುಗೊಂಡುದು. ಜೀವಸತ್ವಗಳ ಜ್ಞಾನವೇ ಆಗ ಸ್ಥಿರಪಟ್ಟಿರಲಿಲ್ಲ. ಮುಂದೆ ಮೇವು ಉತ್ತಮವಾದಂತೆ ಇಲಿಯೂ ಬದಲಾಯಿತು. ಅಮೆರಿಕದ ಕನೆಟಿಕಟ್ಟಿನಲ್ಲಿ ದೀರ್ಘಕಾಲ ಸಾಕುತ್ತ ಬಂದ ಇಲಿಗಳು ಮೇವು ಸುಧಾರಿಸಿದಂತೆಲ್ಲ ಹಿಂದಿಗಿಂತ ಬಹಳ ಬೇಗ ಬೆಳೆಯತೊಡಗಿದುವೆಂದು ಮೆಂಡೆಲ್ ಮತ್ತು ಹಬ್ಬೆಲ್ ೧೯೩೫ರಲ್ಲಿ ತೋರಿಸಿದರು. ಹಾಗಾದರೆ ಯಾವುದು ಸಹಜ? ಮೊದಲಿನ ನಿಧಾನವಾದ ಬೆಳವಣಿಗೆಯೆ, ಅನಂತರದ ವೇಗವಾದ ಬೆಳವಣಿಗೆಯೆ? ಮೊದಲಿನದು ಅರೆಹೊಟ್ಟೆಯ ಇಲಿ ಎನ್ನಬಹುದು. ಆದರೆ ಇಂದಿನ ಇಲಿ, ಚಿಕ್ಕ ಪಂಜರದಲ್ಲಿ ಕುಳಿತು ಬೇಕೆಂದಾಗಲೆಲ್ಲ ತಿಂದು ಕೊಬ್ಬಿರುವ ಇಲಿ. ಮೇವನ್ನು ಮಿತಗೊಳಿಸಿದ ಇಲಿಗಳು ಹೊಟ್ಟೆತುಂಬ ತಿನ್ನುವ ಇಲಿಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ ಎಂಬುದನ್ನು ಮೆಕೇ ಮತ್ತು ಅವರ ಸಂಗಡಿಗರು ಅದೇ ೧೯೩೫ರಲ್ಲಿ ಪ್ರಕಟಿಸಿದರು. ಬೇಗ ಬೆಳೆಯುವುದೇ ಆರೋಗ್ಯವೆಂದು ಹೇಳುವ ಹಾಗಿಲ್ಲ.

ಮೂರನೆಯದು ರಕ್ತವನ್ನು ತೆಗೆಯುವ ರೀತಿ. ನಮ್ಮ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳು ಎಡವುವುದಕ್ಕೆ ಇದೇ ಸುಲಭವಾದ ಸ್ಥಳ. ಒಂದು ಸಂದರ್ಭವನ್ನು ಭಾವಿಸಿಕೊಳ್ಳೋಣ. ಒಬ್ಬ ವಿದ್ಯಾರ್ಥಿ ಯಾವುದೋ ಗಿಡಮೂಲಿಕೆಯ ಸಾರವನ್ನು ಇಲಿಗಳಿಗೆ ಕೊಟ್ಟು, ಬಾಲದ ತುದಿಯಿಂದ ರಕ್ತವನ್ನು ತೆಗೆದು ಬಿಳಿಯ ಕಣಗಳನ್ನು ಎಣಿಸುತ್ತಾನೆ. ಎಣಿಕೆ ಪುಸ್ತಕದ ಮಿತಿಗಿಂತ ಹೆಚ್ಚಾಗಿರುತ್ತದೆ. ಸಾರಕ್ಕೆ ರೋಗನಿರೋಧಶಕ್ತಿಯನ್ನು ಹೆಚ್ಚಿಸುವ ಗುಣವಿದೆಯೆಂದು ಅವನು ಬರೆಯುತ್ತಾನೆ. ಆದರೆ ಪುಸ್ತಕದ ಅಂಕೆ ಹೃದಯದಿಂದ ತೆಗೆದ ರಕ್ತದ್ದು. ಇಲಿಯ ಬಾಲದ ರಕ್ತದಲ್ಲಿ ಬಿಳಿಯ ಕಣಗಳು ಹೃದಯದ ರಕ್ತದಲ್ಲಿರುವುದಕ್ಕಿಂತ ಗಣನೀಯವಾಗಿ ಹೆಚ್ಚು. ಆ ವಿದ್ಯಾರ್ಥಿ ಕಂಡುಹಿಡಿದುದು ಮೂಲಿಕೆಯ ಗುಣವನ್ನಲ್ಲ, ಬಾಲಕ್ಕೂ ಹೃದಯಕ್ಕೂ ಇರುವ ವ್ಯತ್ಯಾಸವನ್ನು. ಇಲಿಗಳ ಯಾವ ಅಂಕೆಯೂ ಇಲ್ಲಿ ಸುಳ್ಳಲ್ಲ. ಹೋಲಿಕೆ ಮಾತ್ರ ಸುಳ್ಳು.

ಇಂಥವು ಇನ್ನೂ ಹಲವು. ಈಥರಿನಿಂದ ಮೈಮರೆಸಿದರೆ ರಕ್ತದ ಸಕ್ಕರೆ ಏರುತ್ತದೆ. ಇಲಿಯನ್ನು ಹಿಡಿದ ಕೆಲವೇ ನಿಮಿಷಗಳಲ್ಲಿ ಕಾರ್ಟಿಕೊಸ್ಟಿರೋನ್ ಎಂಬ ಸ್ರಾವ ರಕ್ತದಲ್ಲಿ ಹೆಚ್ಚುತ್ತದೆ. ಅದು ಹೆಚ್ಚಿಯೇ ಇದ್ದರೆ ಲಿಂಫೊಸೈಟುಗಳು ಕಡಮೆಯಾಗುತ್ತವೆ. ಅದೇ ಸ್ರಾವ ದಿನದ ಹೊತ್ತಿಗೆ ತಕ್ಕಂತೆಯೂ ಏರಿಳಿಯುತ್ತದೆ. ಕತ್ತಲಾಗುವ ಹೊತ್ತಿಗೆ, ಎಂದರೆ ಇಲಿ ಎಚ್ಚೆತ್ತು ಚಟುವಟಿಕೆಗೆ ತೊಡಗುವ ಹೊತ್ತಿಗೆ, ಅದು ಶಿಖರವನ್ನು ಮುಟ್ಟುತ್ತದೆ. ಮನುಷ್ಯನಿಗೆ ರಾತ್ರಿಯ ಉಪವಾಸ ಸಹಜ. ರಾತ್ರಿಯೇ ತಿನ್ನುವ ಇಲಿಗೆ ಅದು ಕಠಿಣವಾದ ಉಪವಾಸ. ಇಲಿಯ ರಕ್ತರಸದಲ್ಲಿರುವ ಕ್ಷಾರೀಯ ಫಾಸ್ಫಟೇಸಿನ ಒಂದು ದೊಡ್ಡ ಭಾಗ ಕರುಳಿನಿಂದ ಬರುವುದರಿಂದ ಉಪವಾಸದಲ್ಲಿ ಅದು ತಗ್ಗುತ್ತದೆ. ಉಪವಾಸದ ಇಲಿಯನ್ನು ಉಂಡ ಇಲಿಯ ಕೋಷ್ಟಕದೊಡನೆ ಹೋಲಿಸಿ, ಯಕೃತ್ತು ಗುಣಹೊಂದಿತೆಂದು ಬರೆದರೆ ನಗೆಗೀಡಾದೀತು. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು ತೆಗೆದ ಸೀರಮಿನಲ್ಲಿ ಪೊಟಾಸಿಯಂ ಹೆಚ್ಚು, ಹೆಪ್ಪುಗಟ್ಟದಂತೆ ಮಾಡಿ ತೆಗೆದ ಪ್ಲಾಸ್ಮದಲ್ಲಿ ಕಡಮೆ. ಹೆಪ್ಪುಗಟ್ಟುವಾಗ ರಕ್ತದ ಕಿರುಬಿಲ್ಲೆಗಳು ಅದನ್ನು ಹೊರಚೆಲ್ಲುವುದೇ ಇದಕ್ಕೆ ಕಾರಣ. ಇಲಿಯಲ್ಲಿ ಈ ಕಿರುಬಿಲ್ಲೆಗಳು ಮನುಷ್ಯನಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿರುವುದರಿಂದ ಈ ವ್ಯತ್ಯಾಸವನ್ನು ಅಲಕ್ಷ್ಯಮಾಡುವಂತಿಲ್ಲ.

ನಾಲ್ಕನೆಯದು ವಯಸ್ಸು, ಲಿಂಗ, ತಳಿ. ಹಾಲು ಬಿಡುವ ವಯಸ್ಸಿನ, ಎಂದರೆ ೨೧ ದಿನಗಳ ಮರಿಯ ಹೀಮೋಗ್ಲೋಬಿನ್ ಬೆಳೆದ ಇಲಿಯದಕ್ಕಿಂತ ಕಡಮೆ. ಎಲುಬು ಬೆಳೆಯುತ್ತಿರುವ ಇಲಿಯಲ್ಲಿ ಕ್ಷಾರೀಯ ಫಾಸ್ಫಟೇಸ್ ಹೆಚ್ಚು, ಬೆಳವಣಿಗೆ ಮುಗಿದಂತೆ ಅದು ಇಳಿಯುತ್ತದೆ. ಹೆಣ್ಣಿಲಿಯ ಋತುಚಕ್ರ ನಾಲ್ಕೈದು ದಿನಗಳಿಗೆ ಒಮ್ಮೆ ತಿರುಗುತ್ತದೆಂಬುದನ್ನು ಲಾಂಗ್ ಮತ್ತು ಇವಾನ್ಸ್ ೧೯೨೨ರಲ್ಲಿಯೇ ವಿವರವಾಗಿ ತೋರಿಸಿದ್ದಾರೆ. ತಳಿಯ ಮಾತಂತೂ ಇನ್ನೂ ತೊಡಕಿನದು. ನಮ್ಮ ದೇಶದ ಪ್ರಯೋಗಶಾಲೆಗಳಲ್ಲಿ ಬಹುವಾಗಿ ಬಳಕೆಯಲ್ಲಿರುವುದು ವಿಸ್ಟಾರ್ ಹೆಸರಿನ ಇಲಿ. ಆದರೆ ವಿಸ್ಟಾರ್ ಎಂಬುದು ಈಗ ಒಂದು ಮನೆತನದ ಹೆಸರಿನಂತೆ. ಮೂಲ ಒಂದೇ ಆದರೂ ಬೇರೆಬೇರೆ ಇಲಿಗೃಹಗಳಲ್ಲಿ ದಶಕಗಟ್ಟಲೆ ಪ್ರತ್ಯೇಕವಾಗಿ ಬೆಳೆದ ಶಾಖೆಗಳು ತಮ್ಮತಮ್ಮೊಳಗೆ ಭಿನ್ನವಾಗಿವೆ. ಪ್ರಬಂಧದಲ್ಲಿ ‘ವಿಸ್ಟಾರ್ ಇಲಿ’ ಎಂದಷ್ಟೆ ಬರೆದು, ಎಲ್ಲಿ ಬೆಳೆದುದೆಂದು ಹೇಳದಿದ್ದರೆ ಅರ್ಧವನ್ನು ಮಾತ್ರ ಹೇಳಿದಂತಾಯಿತು.

ಇಲ್ಲಿಯವರೆಗೆ ಅಂಕೆಗಳು ಹೇಗೆ ಬದಲಾಗುತ್ತವೆಂಬುದನ್ನು ನೋಡಿದೆವು. ಇನ್ನು ‘ಮಿತಿ’ ಎಂಬ ಮಾತನ್ನು ಪರೀಕ್ಷಿಸಬೇಕು. ವಾಡಿಕೆಯಂತೆ ಸ್ವಸ್ಥ ಪ್ರಾಣಿಗಳ ಅಂಕೆಗಳಲ್ಲಿ ನಡುವಿನ ನೂರಕ್ಕೆ ೯೫ ಭಾಗವನ್ನು ಮಿತಿಯೊಳಗೆ ಇಡುತ್ತಾರೆ. ಆದುದರಿಂದ ಸ್ವಸ್ಥವಾದ ಇಪ್ಪತ್ತು ಇಲಿಗಳಲ್ಲಿ ಒಂದು, ಏನೂ ಕೆಡದಿದ್ದರೂ, ಮಿತಿಯ ಹೊರಗೆ ಬೀಳುತ್ತದೆ. ಒಂದೇ ಇಲಿಯಲ್ಲಿ ಪರಸ್ಪರ ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಮಾಡಿದರೆ ಅವುಗಳಲ್ಲಿ ಒಂದಾದರೂ ಹೊರಗೆ ಬೀಳುವ ಸಂಭವ ನೂರಕ್ಕೆ ಸುಮಾರು ೬೪. ಬಹಳ ಪರೀಕ್ಷೆಗಳನ್ನು ಮಾಡಿ, ಹೊರಬಿದ್ದ ಒಂದನ್ನು ಮಾತ್ರ ಎತ್ತಿ ತೋರಿಸುವುದು ಎಷ್ಟು ಅಪಾಯಕರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯ ಇನ್ನೂ ಗಂಭೀರವಾದುದು. ಬೆಳೆದ ಇಲಿಯ ಹೀಮೋಗ್ಲೋಬಿನ್ ನೂರು ಮಿಲಿಲೀಟರಿಗೆ ಸುಮಾರು ೧೩ರಿಂದ ೧೭ ಗ್ರಾಂ ಎಂದು ಕೈಪಿಡಿಗಳಿಂದ ತಿಳಿಯುತ್ತದೆ. ಒಂದು ಔಷಧವನ್ನು ತೆಗೆದುಕೊಂಡ ಗುಂಪಿನ ಸರಾಸರಿ ೧೬ರಿಂದ ೧೪ಕ್ಕೆ ಇಳಿಯಿತೆನ್ನೋಣ. ಎಂಟರಲ್ಲಿ ಒಂದು ಪಾಲು ಹೀಮೋಗ್ಲೋಬಿನ್ ನಷ್ಟವಾಗಿದೆ. ಆದರೂ ೧೪ ಮಿತಿಯೊಳಗೇ ಇದೆ. ‘ಸಹಜ’ ಎಂದು ಬರೆದು ಮುಂದೆ ಹೋಗಬಹುದು. ಇಲಿಯ ಹೃದಯದ ಬಡಿತ ನಿಮಿಷಕ್ಕೆ ೨೫೦ರಿಂದ ೪೫೦ ಎಂದರೂ ಇದೇ ಮಾತು: ಇಷ್ಟು ಅಗಲವಾದ ಬಾಗಿಲಿನಲ್ಲಿ ಯಾವ ಹಾನಿ ತಾನೆ ನುಸುಳಲಾರದು? ಬೇರೆಬೇರೆ ಗೃಹ, ವಯಸ್ಸು, ಲಿಂಗ, ವಿಧಾನಗಳ ಇಲಿಗಳನ್ನು ಒಂದೇ ಕೋಷ್ಟಕಕ್ಕೆ ತುಂಬಿದಷ್ಟೂ ಮಿತಿ ಅಗಲವಾಗುತ್ತದೆ. ಅಗಲವಾದಷ್ಟೂ ಅದು ಕುರುಡಾಗುತ್ತದೆ. ಇಂಥ ಪ್ರಬಂಧವನ್ನು ನಂಬಿ ಆ ಔಷಧ ಮುಂದೆ ಮನುಷ್ಯನ ಬಾಯಿಗೆ ಹೋಗಬಹುದು. ಆದುದರಿಂದ ಇದು ಪದಗಳ ಜಗಳವಲ್ಲ.

‘ಸಹಜ’ ಎಂಬ ಮಾತಿನ ಈ ತೊಡಕನ್ನು ಮನುಷ್ಯರ ವೈದ್ಯದಲ್ಲಿಯೂ ಕಂಡುಕೊಂಡಿದ್ದಾರೆ. ೧೯೬೯ರಲ್ಲಿ ಫಿನ್ಲೆಂಡಿನ ಗ್ರೆಸ್‌ಬೆಕ್ ಮತ್ತು ಸಾರಿಸ್ ಅವರು ಆ ಪದವನ್ನು ಬಿಟ್ಟು ‘ಆಧಾರಮಾನ’ ಎಂಬರ್ಥದ ಪದವನ್ನು ಸೂಚಿಸಿದರು. ಯಾರನ್ನು, ಯಾವ ಸ್ಥಿತಿಯಲ್ಲಿ, ಯಾವ ವಿಧಾನದಿಂದ ಅಳೆದರೆಂಬುದನ್ನು ಹೇಳಿದರೆ ಮಾತ್ರ ಅಂಕೆ ಆಧಾರವಾಗುತ್ತದೆ ಎಂಬುದು ಅದರ ತಾತ್ಪರ್ಯ. ಮುಂದೆ ಅಂತಾರಾಷ್ಟ್ರೀಯ ಸಮಿತಿಗಳು ಇದನ್ನು ಒಪ್ಪಿ ನಿಯಮಗಳನ್ನು ರಚಿಸಿದುವು. ಮಿತಿಗಳನ್ನು ವಿಶ್ವಾಸಾರ್ಹವಾಗಿ ನಿರ್ಧರಿಸಲು ಕೊನೆಯಪಕ್ಷ ೧೨೦ ಮಂದಿಯ ಅಳತೆ ಬೇಕೆಂಬುದು ಅವುಗಳಲ್ಲಿ ಒಂದು. ಈ ಹೊಸ ಹೆಸರನ್ನು ನಾವು ಸ್ವಾಗತಿಸುತ್ತೇವೆ. ಆದರೆ ಹೆಸರನ್ನು ಬದಲಾಯಿಸಿ ಹಳೆಯ ಅಭ್ಯಾಸವನ್ನೇ ಉಳಿಸಿಕೊಂಡರೆ ಪ್ರಯೋಜನವಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಹಾಗಾದರೆ ಕೋಷ್ಟಕಗಳೆಲ್ಲ ನಿರರ್ಥಕವೆ? ಅಲ್ಲ. ಇಲಿ ಮನುಷ್ಯನಲ್ಲ ಎಂಬುದನ್ನು ಅವು ನಮಗೆ ಕಲಿಸುತ್ತವೆ. ಮನುಷ್ಯನ ಬಿಳಿಯ ಕಣಗಳಲ್ಲಿ ನ್ಯೂಟ್ರೊಫಿಲುಗಳು ಹೆಚ್ಚು, ಇಲಿಯಲ್ಲಿ ಲಿಂಫೊಸೈಟುಗಳು ಹೆಚ್ಚು. ಇಲಿಯ ಕೆಂಪು ಕಣ ಸುಮಾರು ೬೦ ದಿನ ಬದುಕಿದರೆ ಮನುಷ್ಯನದು ಸುಮಾರು ೧೨೦ ದಿನ. ಇಲಿಗೆ ಪಿತ್ತಕೋಶವೇ ಇಲ್ಲ. ಪ್ರಯೋಗವನ್ನು ಯೋಜಿಸುವಾಗಲೂ ಕೋಷ್ಟಕ ಬೇಕು: ಇಲಿಯ ರಕ್ತ ಕಿಲೋಗ್ರಾಂ ತೂಕಕ್ಕೆ ಸುಮಾರು ೬೪ ಮಿಲಿಲೀಟರು ಎಂದು ತಿಳಿಯದೆ ರಕ್ತವನ್ನು ತೆಗೆಯುವವನು ಪ್ರಾಣಿಯನ್ನೇ ಕೊಂದಾನು. ಯಂತ್ರ ಕೆಟ್ಟು ಅಸಂಭಾವ್ಯವಾದ ಅಂಕೆ ಬಂದಾಗ ಎಚ್ಚರಿಸುವುದೂ ಕೋಷ್ಟಕವೇ. ಆದರೆ ದಾರಿ ತೋರಿಸುವ ಕೈಮರವನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಬಾರದು. ತೀರ್ಪು ಕೊಡತಕ್ಕುದು ಅದೇ ದಿನ, ಅದೇ ಗೃಹದಲ್ಲಿ, ಅದೇ ಮೇವನ್ನು ತಿಂದು, ಅದೇ ಕೈಯಿಂದ ರಕ್ತವನ್ನು ಕೊಟ್ಟ ಸಹವರ್ತಿ ಗುಂಪು, ಪುಸ್ತಕದ ಇಲಿಯಲ್ಲ.

ಈ ವಿವೇಕ ಆಹಾರವಿಜ್ಞಾನಿಗಳಲ್ಲಿ ಬಹುಕಾಲದಿಂದಲೂ ಇದೆ. ಆಸ್ಬೋರ್ನ್, ಮೆಂಡೆಲ್, ಫೆರಿ ಇವರು ೧೯೧೯ರಲ್ಲಿ ರೂಪಿಸಿದ ಪ್ರೋಟೀನ್ ದಕ್ಷತೆಯ ಪರೀಕ್ಷೆಯಲ್ಲಿ, ತಿಂದ ಪ್ರೋಟೀನಿನ ಗ್ರಾಂ ಒಂದಕ್ಕೆ ಇಲಿಯ ತೂಕ ಎಷ್ಟು ಏರಿತೆಂಬುದನ್ನು ಅಳೆಯುತ್ತಾರೆ. ಒಂದು ಪ್ರಯೋಗಶಾಲೆಯ ಅಂಕೆ ಇನ್ನೊಂದರದಕ್ಕೆ ಹೊಂದದೆ ಹೋದುದನ್ನು ಕಂಡು, ಪ್ರತಿಸಲವೂ ಹಾಲಿನ ಕೇಸೀನನ್ನು ತಿನ್ನುವ ಒಂದು ಗುಂಪನ್ನು ಜೊತೆಗಿಟ್ಟು, ಅದರ ಮಾನವನ್ನು ೨.೫ ಎಂದು ಹಿಡಿದು ಉಳಿದುವನ್ನು ಸರಿಪಡಿಸುವ ಕ್ರಮ ಬಂತು. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ ನೆಲಗಡಲೆ ಮೊದಲಾದ ನಮ್ಮ ಧಾನ್ಯಗಳ ಪ್ರೋಟೀನಿನ ಯೋಗ್ಯತೆಯನ್ನು ಇಲಿಗಳ ಬೆಳವಣಿಗೆಯಿಂದ ಅಳೆದವರಿಗೆ ಈ ವಿಧಾನ ಪರಿಚಿತವಾದುದು. ನಮ್ಮ ವಿದ್ಯಾರ್ಥಿಗಳು ರಕ್ತಪರೀಕ್ಷೆಯಲ್ಲಿಯೂ ಇದೇ ಮನೋಧರ್ಮವನ್ನು ತಳೆಯಬೇಕು.

ಪ್ರತಿಯೊಂದು ವಿಭಾಗವೂ ೧೨೦ ಇಲಿಗಳನ್ನು ಅಳೆದು ತನ್ನದೇ ಕೋಷ್ಟಕವನ್ನು ಮಾಡಬೇಕೆಂದು ನಾವು ಹೇಳುತ್ತಿಲ್ಲ. ಕೇವಲ ಒಂದು ಕೋಷ್ಟಕಕ್ಕಾಗಿ ಅಷ್ಟು ಪ್ರಾಣಿಗಳನ್ನು ಬಳಸುವುದು, ನಮ್ಮ ದೇಶದಲ್ಲಿ ೧೯೬೦ರಲ್ಲಿ ಆದ ಪ್ರಾಣಿಹಿಂಸಾ ನಿವಾರಣೆಯ ಶಾಸನದ ಆಶಯಕ್ಕೂ, ಪ್ರಯೋಗಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸಬೇಕೆಂದು ರಸೆಲ್ ಮತ್ತು ಬರ್ಚ್ ೧೯೫೯ರಲ್ಲಿ ಮಂಡಿಸಿದ ತತ್ತ್ವಕ್ಕೂ ಒಪ್ಪುವುದಿಲ್ಲ. ಆದರೆ ವರ್ಷವರ್ಷವೂ ನಡೆಯುವ ಪ್ರಯೋಗಗಳಲ್ಲಿ ಔಷಧವನ್ನು ಪಡೆಯದ ಗುಂಪುಗಳು ಹೇಗೂ ಇರುತ್ತವೆ. ಅವುಗಳ ಅಂಕೆಗಳನ್ನು ಒಂದು ದಫ್ತರಿನಲ್ಲಿ ಕ್ರಮವಾಗಿ ಬರೆದಿಟ್ಟರೆ, ಒಂದು ಇಲಿಯನ್ನೂ ಹೆಚ್ಚಿಗೆ ಬಳಸದೆ, ಕೆಲವೇ ವರ್ಷಗಳಲ್ಲಿ ಆ ಗೃಹದ ಆಧಾರಮಾನಗಳು ಸಿದ್ಧವಾಗುತ್ತವೆ. ಪ್ರಬಂಧ ಮುಗಿದೊಡನೆ ಆ ಅಂಕೆಗಳನ್ನು ರದ್ದಿಗೆ ಹಾಕುವುದು, ಅವುಗಳಿಗಾಗಿ ಪ್ರಾಣತೆತ್ತ ಇಲಿಗಳನ್ನು ಎರಡನೆಯ ಸಲ ವ್ಯರ್ಥಮಾಡಿದಂತೆ.

ಆ ದಫ್ತರಿನಲ್ಲಿ ಅಂಕೆಯ ಪಕ್ಕದಲ್ಲಿ ಏನೇನಿರಬೇಕೆಂಬುದನ್ನು ಈ ವಿಮರ್ಶೆಯೇ ಸೂಚಿಸಿದೆ: ತಳಿ ಮತ್ತು ಅದು ಬಂದ ಗೃಹ, ಲಿಂಗ, ವಯಸ್ಸು, ತೂಕ, ಮೇವು, ಉಪವಾಸದ ಅವಧಿ, ಕೊಠಡಿಯ ಉಷ್ಣತೆ, ರಕ್ತ ತೆಗೆದ ಹೊತ್ತು, ತೆಗೆದ ಜಾಗ, ಮೈಮರೆಸಿದ ದ್ರವ್ಯ, ಅಳೆದ ಯಂತ್ರ. ಡೊನಾಲ್ಡ್‌ಸನ್ನರು ಒಂದು ಶತಮಾನದ ಹಿಂದೆಯೇ ಅವಯವದ ತೂಕವನ್ನು ದೇಹದ ಉದ್ದದ ಪಕ್ಕದಲ್ಲಿಯೇ ಬರೆದಿಟ್ಟರು. ಸನ್ನಿವೇಶವನ್ನು ಬಿಟ್ಟು ಅಂಕೆಗೆ ಅರ್ಥವಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಅವರ ಅಂಕೆಗಳು ಹಳತಾದುವು, ಹಳತಾಗಬೇಕಾದುದೇ. ಅವರ ಈ ಕ್ರಮವನ್ನು ಮಾತ್ರ ನಾವು ಬಿಟ್ಟುಕೊಡಬಾರದು. ಇನ್ನು ಮುಂದೆ ವಿದ್ಯಾರ್ಥಿಯೊಬ್ಬನು ‘ಸಹಜಮಿತಿಯೊಳಗೆ ಇದ್ದುವು’ ಎಂದು ಬರೆದಾಗ, ‘ಯಾವ ಇಲಿಯ ಸಹಜಮಿತಿ?’ ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸುವುದು ಅಧ್ಯಾಪಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.